ಕೈಕಾಲು ಸಣ್ಣ, ಸೊಂಟ ದಪ್ಪ: ಇದರ ಗುಟ್ಟೇನು?

(ಹಾನಗಲ್ಲ, ಶಿಗ್ಗಾಂವಿ, ಸವಣೂರ ಮತ್ತು ಹಿರೇಕೆರೂರ ತಾಲೂಕುಗಳ ಹಳ್ಳಿಗಳಿಂದ ಬಂದಿದ್ದ ಮಹಿಳಾ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಡೆ 'ಕೊಬ್ಬು' ಎಂದರೆ ಬೈಗುಳ. "ಅವಗ ಕೊಬ್ಬು ಬಂದೈತಿ" ಎಂದರೆ ಸೊಕ್ಕು ಬಂದಿದೆ ಎಂದೇ ಅರ್ಥ. ಇಂದು ನಾನು ಮಾತನಾಡಲಿರುವುದು ಆ ಕೊಬ್ಬಿನ ಮಾತಲ್ಲ. ನಾವು ಉಂಡ ಅನ್ನ ರೊಟ್ಟಿ ಮೈಯಲ್ಲಿ ಕರಗಿ, ಮಿಕ್ಕಿದ್ದು ಕೊಬ್ಬಾಗಿ ಕೂಡುತ್ತದಲ್ಲ, ಅದರ ಮಾತು. ಅದು ಹೆಣ್ಣುಮಕ್ಕಳ ಮೈಯಲ್ಲಿ ಎಲ್ಲಿ ಕೂಡುತ್ತದೆ, ಅಲ್ಲಿಯೇ ಏಕೆ ಕೂಡುತ್ತದೆ, ಅದರಿಂದ ಏನು ಕೇಡು, ನಾವು ಮಾಡತಕ್ಕದ್ದೇನು ಎಂಬ ನಾಲ್ಕು ಸಂಗತಿಗಳನ್ನು ಹೇಳುತ್ತೇನೆ.

ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಿಬಿಡುತ್ತೇನೆ. ಹಿರೇಕೆರೂರ ತಾಲೂಕಿನಲ್ಲಿ ನನ್ನ ಚಿಗವ್ವ ಒಬ್ಬಳಿದ್ದಾಳೆ. ಎತ್ತರ ನಾಲ್ಕು ಅಡಿ ಹತ್ತು ಅಂಗುಲ, ತೂಕ 46 ಕಿಲೋ. ಕೈಕಾಲು ಜೋಳದ ದಂಟಿನ ಹಾಗೆ ಸಣ್ಣ. ಒಂದು ವರುಷ ಗೋವಿನಜೋಳದ ಕೂಳೆ ಕಾಲಿಗೆ ಚುಚ್ಚಿತು. ಬೇವಿನ ಸೊಪ್ಪು ಅರೆದು ಕಟ್ಟಿದರು, ಅರಿಸಿನ ಹಚ್ಚಿದರು. ಎರಡು ತಿಂಗಳಾದರೂ ಗಾಯ ಮಾಯಲಿಲ್ಲ. ತೋರಿಸಿದ ಕಡೆಯಲ್ಲಿಯೂ ಮುಲಾಮು ಕೊಟ್ಟು ಕಳಿಸಿದರು. ಸಕ್ಕರೆ ಬೇನೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. "ಇಷ್ಟು ಬಡಕಲು ಹೆಂಗಸಿಗೆ ಎಲ್ಲಿಯ ಸಕ್ಕರೆ ಬೇನೆ? ಅದು ಕುಂತು ಉಣ್ಣುವ ದಪ್ಪ ಮಂದಿಯ ಬೇನೆ" ಎಂದೇ ಎಲ್ಲರ ತಿಳಿವಳಿಕೆ, ನನ್ನದೂ ಅದೇ. ಕಡೆಗೆ ರಕ್ತ ನೋಡಿಸಿದಾಗ ಸಕ್ಕರೆ 340 ಇತ್ತು. ಕಾಲಿನ ಒಂದು ಬೆರಳು ತೆಗೆಯಬೇಕಾಯಿತು. ಅಂದು ಅವಳ ಸೊಂಟ ಅಳೆದು ನೋಡಿದೆವು. 84 ಸೆಂಟಿಮೀಟರು! ಸೀರೆಯ ನಿರಿಗೆಯ ಹಿಂದೆ ಆ ಬೊಜ್ಜು ಹತ್ತು ವರುಷ ಅಡಗಿ ಕುಳಿತಿತ್ತು. ತಕ್ಕಡಿ ನಮಗೆ ಸುಳ್ಳು ಹೇಳಲಿಲ್ಲ, ಆದರೆ ಅರ್ಧ ಮಾತನ್ನೇ ಹೇಳಿತು.

ಇದು ಒಬ್ಬಳ ಕಥೆಯಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ದೇಶದ ತುಂಬ ಜನರ ಸೊಂಟವನ್ನು ಅಳೆದರು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಎತ್ತರಕ್ಕೆ ಮೀರಿದ ತೂಕ ಇದ್ದವರು ನೂರಕ್ಕೆ 24 ಮಂದಿ. ಸೊಂಟದ ಅಳತೆ ಮೀರಿದವರು ಮಾತ್ರ ನೂರಕ್ಕೆ 40 ಮಂದಿ! ಅಂದರೆ ತಕ್ಕಡಿಯ ಮೇಲೆ ನಿಂತು 'ನಾನು ಸರಿಯಾಗಿದ್ದೇನೆ' ಎಂದು ಇಳಿದು ಬಂದ ಎಷ್ಟೋ ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಬೊಜ್ಜು ಕೂಡಿದೆ.

ಇನ್ನು ಇದರ ಗುಟ್ಟಿಗೆ ಬರೋಣ.

ಸವಣೂರಿನ ದೊಡ್ಡಹುಣಸೆ ಮಠದ ಮರಗಳನ್ನು ನೀವೆಲ್ಲರೂ ನೋಡಿದ್ದೀರಿ. ಹತ್ತು ಜನ ಕೈ ಕೈ ಹಿಡಿದರೂ ತಬ್ಬಲಾಗದಂಥ ಬುಡ. ಹೆಸರು ಹುಣಸೆಯಾದರೂ ಅದು ನಮ್ಮ ಹುಣಸೆಯ ಜಾತಿಯಲ್ಲ. ಅದರ ತವರು ಆಫ್ರಿಕಾ ಖಂಡ. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಬೇಸಿಗೆಗೆಂದು ನೀರನ್ನು ಕಾಂಡದಲ್ಲಿಯೇ ಕೂಡಿಟ್ಟುಕೊಳ್ಳುವುದು ಅದರ ವಂಶದ ಗುಣ. ಸವಣೂರಿಗೆ ಬಂದು ಎಷ್ಟೋ ತಲೆಮಾರು ಕಳೆದರೂ ಅದು ಆ ಗುಣವನ್ನು ಬಿಟ್ಟಿಲ್ಲ. ಅದೇ ಮಳೆ, ಅದೇ ಮಣ್ಣು ಇದ್ದರೂ ಪಕ್ಕದ ಮಾವಿನ ಗಿಡ ಹಾಗೆ ಬುಡ ದಪ್ಪ ಮಾಡುವುದಿಲ್ಲ. ಕೂಡಿಡುವುದು ಎಲ್ಲ ಜೀವಿಗಳ ಧರ್ಮ. ಎಲ್ಲಿ ಕೂಡಿಡಬೇಕೆಂಬುದನ್ನು ಮಾತ್ರ ಬಹುಮಟ್ಟಿಗೆ ವಂಶ ಹೇಳುತ್ತದೆ.

ಮನುಷ್ಯರಲ್ಲಿಯೂ ಹೀಗೆಯೇ. ಹೆಣ್ಣಿನ ಮೈಗೆ ಎರಡು ಉಗ್ರಾಣಗಳಿವೆ. ಒಂದು ತೊಡೆ ಮತ್ತು ಹಿಂಭಾಗದ ಚರ್ಮದ ಕೆಳಗಿನದು. ಇದನ್ನು ನಮ್ಮ ಹಗೇವು ಎಂದು ತಿಳಿಯಿರಿ. ಹಗೇವಿನಲ್ಲಿ ಹಾಕಿದ ಜೋಳ ತಣ್ಣಗೆ ಕುಳಿತಿರುತ್ತದೆ, ಯಾರ ಕಾಲಿಗೂ ತೊಡರುವುದಿಲ್ಲ, ಬರಗಾಲಕ್ಕೆ ಒದಗುತ್ತದೆ. ಹೆಣ್ಣಿಗೆ ಪ್ರಕೃತಿ ಈ ಉಗ್ರಾಣವನ್ನು ಕೊಟ್ಟಿದ್ದು ಬಸುರಿ ಬಾಣಂತಿತನಕ್ಕಾಗಿ. ಕೂಸಿಗೆ ಹಾಲೂಡಿಸುವಾಗ ಈ ಕೊಬ್ಬು ಕರಗಿ ಹಾಲಿಗೆ ಸೇರುತ್ತದೆ. ಇದರಿಂದ ಅಷ್ಟಾಗಿ ಕೇಡಿಲ್ಲ. ಎರಡನೆಯದು ಹೊಟ್ಟೆಯೊಳಗೆ, ಕರುಳಿನ ಸುತ್ತ ಇರುವ ಜಾಗ. ಇದು ಅಡಿಗೆ ಮನೆಯಿದ್ದ ಹಾಗೆ. ಹಗೇವು ತುಂಬಿ, ಮಿಕ್ಕ ಚೀಲಗಳನ್ನು ಒಲೆಯ ಸುತ್ತ ಒಟ್ಟಿದರೆ ಮನೆಯವಳು ಅಡಿಗೆ ಹೇಗೆ ಮಾಡಿಯಾಳು? ಹೊಟ್ಟೆಯೊಳಗಿನ ಕೊಬ್ಬು ಕರಗಿ ನೇರವಾಗಿ ಯಕೃತ್ತಿಗೆ, ಅಂದರೆ ಲಿವರಿಗೆ, ಹರಿಯುತ್ತದೆ. ಆಗ ಲಿವರು ಬೇಡದ ಹೊತ್ತಿನಲ್ಲಿಯೂ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ ಎಂಬ ರಸದ ಮಾತು ನಡೆಯದಾಗುತ್ತದೆ. ಸಕ್ಕರೆ ಬೇನೆ, ರಕ್ತದೊತ್ತಡ, ಹೃದಯದ ಬೇನೆಗಳಿಗೆ ಇದೇ ಹಾದಿ.

ಹೆಂಗಸರಲ್ಲಿ ಮುಟ್ಟು ನಿಲ್ಲುವವರೆಗೆ ಹೆಣ್ತನದ ರಸಗಳು ಕೊಬ್ಬನ್ನು ಹಗೇವಿನ ಕಡೆಗೆ ಕಳಿಸುತ್ತಿರುತ್ತವೆ. ಮುಟ್ಟು ನಿಂತ ಮೇಲೆ ಆ ಕಾವಲು ಹೋಗುತ್ತದೆ, ಕೊಬ್ಬು ಹೊಟ್ಟೆಗೆ ಇಳಿಯುತ್ತದೆ. ಆದುದರಿಂದ ನಲವತ್ತೈದು ದಾಟಿದ ತಾಯಂದಿರು ಹೆಚ್ಚು ಎಚ್ಚರದಿಂದ ಇರಬೇಕು.

ಈಗ ವಂಶದ ಮಾತು. ಮೈಯ ಗುಣಗಳನ್ನು ತಂದೆತಾಯಿಗಳಿಂದ ಮಕ್ಕಳಿಗೆ ದಾಟಿಸುವ ಬೀಜಕ್ಕೆ ವಂಶವಾಹಿ ಎನ್ನುತ್ತಾರೆ. 2015ರಲ್ಲಿ ವಿಜ್ಞಾನಿಗಳು 2 ಲಕ್ಷ 24 ಸಾವಿರಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಅವರ ಸೊಂಟ ಮತ್ತು ಹಿಂಭಾಗದ ಸುತ್ತಳತೆಯೊಡನೆ ತಾಳೆ ನೋಡಿ, ಕೊಬ್ಬು ಎಲ್ಲಿ ಕೂಡಬೇಕೆಂಬುದಕ್ಕೆ ಸಂಬಂಧಿಸಿದ 49 ನೆಲೆಗಳನ್ನು ಕಂಡುಹಿಡಿದರು. ಅವುಗಳಲ್ಲಿ 20 ನೆಲೆಗಳು ಗಂಡಸರಲ್ಲಿ ಒಂದು ಬಗೆ, ಹೆಂಗಸರಲ್ಲಿ ಒಂದು ಬಗೆ ಕೆಲಸ ಮಾಡುತ್ತವೆ. ಆ 20ರಲ್ಲಿ 19 ನೆಲೆಗಳ ಬಲ ಹೆಂಗಸರಲ್ಲಿಯೇ ಹೆಚ್ಚು. ಹೀಗಾಗಿ ಕೊಬ್ಬು ಕೂಡುವ ಜಾಗದ ಮಟ್ಟಿಗೆ ಹೆಣ್ಣಿನ ಮೈ ಗಂಡಿನ ಮೈಗಿಂತ ವಂಶದ ಮಾತನ್ನು ಹೆಚ್ಚಾಗಿ ಕೇಳುತ್ತದೆ. ಆದರೆ ಆ ಪರೀಕ್ಷೆಗೆ ಒಳಗಾದವರಲ್ಲಿ ಬಹುತೇಕರು ಯುರೋಪಿನ ಮೂಲದವರು ಎಂಬುದನ್ನು ಮರೆಯಬಾರದು. ಅವರ ಅಂಗಿಯ ಅಳತೆಯಿಂದ ನಮ್ಮ ಅಂಗಿ ಹೊಲಿಸಲಾಗದು.

ಒಂದೊಂದು ನಾಡಿನ ಮೂಲದವರಲ್ಲಿ ಈ ಗುಣ ಒಂದೊಂದು ಬಗೆ. ಅಮೇರಿಕದಲ್ಲಿ ಆಫ್ರಿಕಾ ಮೂಲದ ಹೆಂಗಸರಿಗೂ ಯುರೋಪು ಮೂಲದ ಹೆಂಗಸರಿಗೂ ಅಷ್ಟೇ ತೂಕ ಇದ್ದರೂ, ಹೊಟ್ಟೆಯೊಳಗಿನ ಕೊಬ್ಬು ಆಫ್ರಿಕಾ ಮೂಲದವರಲ್ಲಿ ಕಡಿಮೆ. ದಕ್ಷಿಣ ಆಫ್ರಿಕಾದ ಖೋಯ್‌ಖೋಯ್ ಎಂಬ ಜನರ ಹೆಂಗಸರಿಗೆ ಕೊಬ್ಬು ಹಿಂಭಾಗದಲ್ಲಿ ಕೂಡುವುದು ಸಹಜ. ಆ ಜನಕ್ಕೆ ಸೇರಿದ ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳನ್ನು 1810ರಲ್ಲಿ ಲಂಡನ್ನಿಗೆ ಕರೆದೊಯ್ದು, ಅವಳ ಮೈಕಟ್ಟನ್ನು ದುಡ್ಡಿಗೆ ಜಾತ್ರೆಯ ಆಟದ ಹಾಗೆ ತೋರಿಸಿದರು. 1815ರಲ್ಲಿ ಅವಳು ಪ್ಯಾರಿಸಿನಲ್ಲಿ ತೀರಿಕೊಂಡ ಮೇಲೂ ಅವಳ ಅವಶೇಷಗಳನ್ನು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಇಟ್ಟುಕೊಂಡರು. ತಾಯ್ನಾಡಿನ ಮಣ್ಣು ಸಿಕ್ಕಿದ್ದು 2002ರಲ್ಲಿ. ಈ ಮಾತನ್ನು ಏಕೆ ಹೇಳಿದೆನೆಂದರೆ, ವಂಶ ಕೊಟ್ಟ ಮೈಕಟ್ಟು ಯಾರ ತಪ್ಪೂ ಅಲ್ಲ, ಯಾರ ನಗೆಗೂ ಅಲ್ಲ. ನಿಮ್ಮ ಊರಿನಲ್ಲಿ ಹೆಣ್ಣುಮಕ್ಕಳ ಸೊಂಟ ಅಳೆಯುವಾಗ ಮರೆಯಲ್ಲಿ, ಮರ್ಯಾದೆಯಿಂದ ಅಳೆಯಿರಿ. ಅಳತೆಯನ್ನು ಕಟ್ಟೆಯ ಮೇಲೆ ಕೂಗಬೇಡಿರಿ.

ನಮ್ಮ ದೇಶದವರ ಗುಣ ಯಾವುದು? ಕೈಕಾಲಿನಲ್ಲಿ ಮಾಂಸ ಕಡಿಮೆ, ಹೊಟ್ಟೆಯಲ್ಲಿ ಕೊಬ್ಬು ಹೆಚ್ಚು. ನಮ್ಮ ಹಗೇವು ಚಿಕ್ಕದು, ಬೇಗ ತುಂಬುತ್ತದೆ. ಮಿಕ್ಕಿದ್ದು ಅಡಿಗೆ ಮನೆಗೆ ಬರುತ್ತದೆ. ಲಂಡನ್ನಿಗೆ ಹೋಗಿ ನೆಲೆಸಿದ ನಮ್ಮ ಕಡೆಯವರನ್ನೂ ಅಲ್ಲಿಯವರನ್ನೂ ಹೋಲಿಸಿ 1991ರಲ್ಲಿ ಒಂದು ವರದಿ ಬಂತು. ಸಕ್ಕರೆ ಬೇನೆ ಅಲ್ಲಿಯವರಲ್ಲಿ ನೂರಕ್ಕೆ 4 ಇದ್ದರೆ ನಮ್ಮವರಲ್ಲಿ 19. ಜೊತೆಗೆ ನಮ್ಮವರ ಸೊಂಟವೂ ದಪ್ಪ. ಪುಣೆಯ ವೈದ್ಯ ಡಾ. ಚಿತ್ತರಂಜನ ಯಾಜ್ಞಿಕರು ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ನರು 2004ರಲ್ಲಿ ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ ಒಂದೇ, 22.3. ಯಂತ್ರದಲ್ಲಿ ನೋಡಿದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9, ಯಾಜ್ಞಿಕರ ಮೈಯಲ್ಲಿ ನೂರಕ್ಕೆ 21! ತೂಕ ಒಂದೇ, ಸರಕು ಬೇರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬರಬಾರದು. ವಂಶ ಎಂದೊಡನೆ ಕೆಲವರು ಜಾತಿ ಎಂದುಕೊಳ್ಳುತ್ತಾರೆ. ಕುಲದ ಹೆಮ್ಮೆಯನ್ನು ಪ್ರಶ್ನಿಸಿದ ಕನಕದಾಸರು ಹುಟ್ಟಿದ ಬಾಡ ನಮ್ಮ ಶಿಗ್ಗಾಂವಿ ತಾಲೂಕಿನಲ್ಲಿಯೇ ಇದೆ. 2009ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಹೊರದೇಶದವರೊಡನೆ ಕೂಡಿ ನಡೆಸಿದ ವಂಶವಾಹಿಯ ಪರೀಕ್ಷೆಯಲ್ಲಿ, ನಮ್ಮ ದೇಶದ ಬಹುತೇಕ ಎಲ್ಲ ಜನವರ್ಗಗಳಲ್ಲಿಯೂ ಎರಡು ಪುರಾತನ ಮೂಲಗಳು ಬೆರೆತಿರುವುದು ಕಂಡುಬಂತು. ಹೊಟ್ಟೆಯ ಬೊಜ್ಜು ಮೇಲಿನ ಕೇರಿ ಕೆಳಗಿನ ಕೇರಿ ನೋಡಿ ಬರುವುದಿಲ್ಲ. ಎಲ್ಲ ಕೇರಿಯ ತಾಯಂದಿರೂ ಅಳೆಸಿಕೊಳ್ಳಬೇಕು.

ಹಾಗಾದರೆ ಇದು ಬರೀ ಬೀಜದ ಆಟವೆ? ಅಲ್ಲ. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬೀಜ ಬಿತ್ತಿದರೆ ಗುಂಟೂರ ಕಾಯಿ ಬರುವುದಿಲ್ಲ, ನಿಜ. ಆದರೆ ಅದೇ ಬ್ಯಾಡಗಿ ಬೀಜವನ್ನು ಗೊಬ್ಬರ ಕಾಣದ ಮಡಿಯಲ್ಲಿ ಬಿತ್ತಿ, ನೀರು ತಪ್ಪಿಸಿದರೆ ಸಸಿ ಹೇಗೆ ಬಂದೀತು? ಮನುಷ್ಯನ ಮೊದಲ ಮಡಿ ತಾಯಿಯ ಗರ್ಭ.

ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಡಾ. ಯಾಜ್ಞಿಕರು ಮತ್ತು ಅವರ ಸಂಗಡಿಗರು 1993ರಿಂದ ಒಕ್ಕಲುತನದ ಮನೆಗಳ ಬಸುರಿಯರನ್ನು ನೋಡುತ್ತ ಬಂದರು. ನಮ್ಮಂಥದೇ ಹಳ್ಳಿಗಳು, ನಮ್ಮಂಥವರೇ ಹೆಣ್ಣುಮಕ್ಕಳು. ಬಸುರಾಗುವ ಮುಂಚೆ ಅವರ ಸರಾಸರಿ ತೂಕ ಸುಮಾರು 42 ಕಿಲೋ. ಅವರಿಗೆ ಹುಟ್ಟಿದ ಕೂಸುಗಳು ಸುಮಾರು 2.7 ಕಿಲೋ, ಇಂಗ್ಲೆಂಡಿನ ಕೂಸುಗಳು 3.5 ಕಿಲೋ. ನಮ್ಮ ಕೂಸುಗಳ ತೋಳು, ಹೊಟ್ಟೆಯ ಅಂಗಗಳು ಎಲ್ಲವೂ ಸಣ್ಣವು. ಆದರೆ ಬೆನ್ನಿನ ಚರ್ಮವನ್ನು ಚಿಮಟಿಗೆಯಂಥ ಸಾಧನದಿಂದ ಹಿಡಿದು ಅಳೆದರೆ, ಅಲ್ಲಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಇಂಗ್ಲೆಂಡಿನ ಕೂಸಿನಷ್ಟೇ ಇತ್ತು. ತಾಯಿ ಅರೆಹೊಟ್ಟೆ ಉಂಡರೆ, ಕೂಸು ಮಾಂಸವನ್ನು ಬಿಟ್ಟುಕೊಟ್ಟು ಕೊಬ್ಬನ್ನು ಉಳಿಸಿಕೊಂಡು ಹುಟ್ಟುತ್ತದೆ. ಅದೇ ಹಳ್ಳಿಗಳಲ್ಲಿ ಹಾಲು, ತಪ್ಪಲು ಪಲ್ಯ, ಹಣ್ಣುಗಳನ್ನು ಹೆಚ್ಚು ಸಲ ಉಂಡ ತಾಯಂದಿರ ಕೂಸುಗಳು ದೊಡ್ಡವಾಗಿ ಹುಟ್ಟಿದವು ಎಂಬುದೂ ಕಂಡುಬಂತು.

ನಮ್ಮ ರಾಜ್ಯದ ಮೈಸೂರಿನಲ್ಲಿಯೂ ಇಂಥದೇ ಕೆಲಸ ನಡೆದಿದೆ. 1997-98ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಬಂದ ಬಸುರಿಯರ ರಕ್ತವನ್ನು ನೋಡಿದರು. ನೂರಕ್ಕೆ ಸುಮಾರು 6 ಜನರಿಗೆ ಬಸುರಿನ ಸಕ್ಕರೆ ಬೇನೆ ಇತ್ತು. ಅಲ್ಲಿಯ ಕೂಸುಗಳ ಬೆನ್ನಿನ ಮೇಲೆಯೂ ಹುಟ್ಟುವಾಗಲೇ ಕೊಬ್ಬು ಹೆಚ್ಚು. ಆ ಮಕ್ಕಳು ಐದು ವರುಷದವರಾದಾಗ ಮತ್ತೆ ಅಳೆದರು. ಸಕ್ಕರೆ ಬೇನೆ ಇದ್ದ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಉಳಿದ ಹುಡುಗಿಯರಿಗಿಂತ ಹೆಚ್ಚು ಕೊಬ್ಬು ಕೂಡಿತ್ತು. ನಾಳೆ ಆ ಹುಡುಗಿಯರೇ ತಾಯಂದಿರಾಗುತ್ತಾರೆ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಈ ಸಾಲ ದಾಟುತ್ತ ಹೋಗುತ್ತದೆ.

ಇಡೀ ಭಾಷಣದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿರಿ: ತಾಯಿಯಿಂದ ಮಗಳಿಗೆ ಬರುವುದು ಬೀಜ ಒಂದೇ ಅಲ್ಲ, ತಾಯಿಯ ತಾಟಿನ ಊಟವೂ ಬರುತ್ತದೆ, ಅವಳ ರಕ್ತದ ಸಕ್ಕರೆಯೂ ಬರುತ್ತದೆ. ಬೀಜವನ್ನು ನಾವು ಬದಲಿಸಲಾರೆವು. ಊಟವನ್ನೂ ಸಕ್ಕರೆಯನ್ನೂ ಬದಲಿಸಬಲ್ಲೆವು.

ಬದಲಿಸಿದರೆ ಗುಣ ಬರುತ್ತದೆಯೆ ಎಂದು ಕೇಳುವಿರಿ. ಚೆನ್ನೈಯ ಡಾ. ರಾಮಚಂದ್ರನ್ನರು 2006ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿರಿ. ಸಕ್ಕರೆ ಬೇನೆಯ ಹೊಸ್ತಿಲಲ್ಲಿ ನಿಂತವರನ್ನು ಆರಿಸಿಕೊಂಡು, ಕೆಲವರಿಗೆ ನಡಿಗೆ ಮತ್ತು ಊಟದ ಹಿಡಿತ ಕಲಿಸಿದರು. ಮೂರು ವರುಷದಲ್ಲಿ, ಏನೂ ಬದಲಿಸದೆ ಇದ್ದವರಲ್ಲಿ ನೂರಕ್ಕೆ 55 ಮಂದಿಗೆ ಬೇನೆ ಬಂತು, ನಡಿಗೆ ಮತ್ತು ಊಟ ತಿದ್ದಿಕೊಂಡವರಲ್ಲಿ 39 ಮಂದಿಗೆ. ವಂಶ ಅದೇ, ಊರು ಅದೇ. ನೂರರಲ್ಲಿ 16 ಮನೆಗಳು ಉಳಿದವು.

ಈಗ ನೀವು ಮಾಡತಕ್ಕ ಕೆಲಸಗಳು:

1. ದಾರದ ಪರೀಕ್ಷೆ. ಹಿಗ್ಗದ ಒಂದು ಗಟ್ಟಿ ದಾರ ತೆಗೆದುಕೊಳ್ಳಿರಿ. ಗೋಡೆಗೆ ಆತು ನಿಂತು, ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆದು ಕತ್ತರಿಸಿರಿ. ಅದನ್ನು ಸರಿಯಾಗಿ ಎರಡು ಮಡಿಸಿರಿ. ಪಕ್ಕೆಲುಬಿನ ಕೊನೆಗೂ ಟೊಂಕದ ಎಲುಬಿನ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆಯನ್ನು ಒಳಗೆಳೆಯದೆ, ಮಡಿಸಿದ ದಾರವನ್ನು ಸುತ್ತಿರಿ. ತುದಿಗಳು ಕೂಡಿದರೆ ಒಳ್ಳೆಯದು. ಕೂಡದೆ ನಡುವೆ ಬಯಲು ಉಳಿದರೆ ಸೊಂಟ ನಿಮ್ಮ ಎತ್ತರದ ಅರ್ಧವನ್ನು ಮೀರಿದೆ. ಟೇಪು ಇದ್ದರೆ ಹೆಂಗಸರಿಗೆ 80 ಸೆಂಟಿಮೀಟರು, ಗಂಡಸರಿಗೆ 90 ಸೆಂಟಿಮೀಟರು ಮೇರೆ. ಬಸುರಿಯರಿಗೂ ಹಸಿ ಬಾಣಂತಿಯರಿಗೂ ಈ ಪರೀಕ್ಷೆ ಬೇಡ. ಪರಕಾರದ ಲಾಡಿಯ ಗಂಟು ವರುಷದಿಂದ ವರುಷಕ್ಕೆ ತುದಿಗೆ ಸರಿಯುತ್ತಿದ್ದರೆ ಅದೂ ಒಂದು ಸೂಚನೆಯೇ.

2. ರಕ್ತದ ಪರೀಕ್ಷೆ. ದಾರ ಕೂಡದವರು, ಮೂವತ್ತು ದಾಟಿದವರು, ತಾಯಿಗೋ ತಂದೆಗೋ ಸಕ್ಕರೆ ಬೇನೆ ಇದ್ದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ನೋಡಿಸಿಕೊಳ್ಳಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ತರುವ ನಮೂನೆಯಲ್ಲಿ ಸೊಂಟದ ಅಳತೆಯ ಪ್ರಶ್ನೆ ಇರುತ್ತದೆ. ಅಂದಾಜು ಬರೆಸದೆ ಅಳೆದು ಬರೆಸಿರಿ. "ನಾನು ಸಣ್ಣಗಿದ್ದೇನೆ, ನನಗೇಕೆ?" ಎನ್ನಬೇಡಿರಿ.

3. ಬಸುರಿನಲ್ಲಿ ಎರಡು ಸಲ. ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ, 75 ಗ್ರಾಮು ಗ್ಲುಕೋಸು ಕುಡಿಸಿ ಎರಡು ತಾಸಿನ ಮೇಲೆ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಊಟದ ಕ್ರಮವನ್ನೂ ಬೇಕಾದರೆ ಔಷಧವನ್ನೂ ಹೇಳುತ್ತಾರೆ. ಕೇಳಿ ಮಾಡಿಸಿಕೊಳ್ಳಿರಿ.

4. ಉಪವಾಸ ಬೇಡ. ಸೊಂಟ ಇಳಿಸಲು ಊಟ ಬಿಟ್ಟರೆ ಇದ್ದ ಮಾಂಸವೂ ಕರಗುತ್ತದೆ. ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿ, ಪುಂಡಿಪಲ್ಯ, ಮಡಿಕೆ ಕಾಳು, ಹೆಸರು, ಮಜ್ಜಿಗೆ, ತಿನ್ನುವವರು ತತ್ತಿ, ಇವನ್ನು ಹೆಚ್ಚಿಸಿರಿ. ದಿನಕ್ಕೆ ಐದು ಸಲ ಸಕ್ಕರೆ ಹಾಕಿದ ಚಹಾ ಕುಡಿಯುವ ರೂಢಿಯನ್ನು ಮುರಿಯಿರಿ. ಬಾಣಂತಿಗೆ ಅಂಟಿನ ಉಂಡಿ, ತುಪ್ಪ ಕೊಡುವುದು ಪ್ರೀತಿಯ ಕೆಲಸ, ಆದರೆ ಕಾಳು ಪಲ್ಯ ಬಿಡಿಸಿ ಬರೀ ಅದನ್ನೇ ಕೊಡಬೇಡಿರಿ. ಕೂಸಿಗೆ ಮೊದಲ ಆರು ತಿಂಗಳು ತಾಯಿಯ ಹಾಲೊಂದನ್ನೇ ಊಡಿಸಿರಿ.

5. ಮೈಗೆ ಕೆಲಸ. ಕಳೆ ತೆಗೆಯುವ, ಕೊಯ್ಲಿನ ದಿನಗಳಲ್ಲಿ ಬೇರೆ ವ್ಯಾಯಾಮ ಬೇಕಿಲ್ಲ. ಆದರೆ ಬೀಸುವ ಕಲ್ಲು, ಒನಕೆ ಮೂಲೆ ಸೇರಿವೆ, ಗಿರಣಿ ಬಂದಿದೆ. ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಿ ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನವಾದರೂ ಬಿರುಸಾಗಿ ನಡೆಯಿರಿ.

ಕಡೆಯ ಮಾತು ಗಂಡಸರಿಗೆ. ರೈತ ಬಾಂಧವರೆ, ನಮ್ಮ ಮನೆಗಳಲ್ಲಿ ಹೆಣ್ಣುಮಗಳು ಎಲ್ಲರೂ ಉಂಡ ಮೇಲೆ ಉಣ್ಣುತ್ತಾಳೆ. ಆ ಹೊತ್ತಿಗೆ ಬೇಳೆ ಪಲ್ಯ ಮುಗಿದಿರುತ್ತದೆ, ಅನ್ನ ಉಳಿದಿರುತ್ತದೆ. ಉಳಿದದ್ದನ್ನು ಚೆಲ್ಲಬಾರದೆಂದು ಅವಳು ಅದನ್ನೇ ಉಣ್ಣುತ್ತಾಳೆ. ಕೈಕಾಲಿಗೆ ಮಾಂಸ ಹತ್ತುವುದಿಲ್ಲ, ಸೊಂಟಕ್ಕೆ ಬೊಜ್ಜು ಹತ್ತುತ್ತದೆ. ಇದಕ್ಕೆ ಔಷಧ ಯಾವ ದವಾಖಾನೆಯಲ್ಲಿಯೂ ಇಲ್ಲ, ನಿಮ್ಮ ಅಡಿಗೆ ಮನೆಯಲ್ಲಿದೆ. ಇಂದು ರಾತ್ರಿ ಹೆಂಡತಿ, ಮಗಳು, ಸೊಸೆಯನ್ನು ಜೊತೆಗೆ ಕೂಡಿಸಿಕೊಂಡು ಉಣ್ಣಿರಿ. ಬೇಳೆಯ ಬೋಗಾಣಿ ಮೊದಲು ಅವರ ಕಡೆಗೆ ಸರಿಯಲಿ. ಹೋರಿಗೆ ಹಿಂಡಿ ಹಾಕುವುದನ್ನು ಮರೆಯದ ನಾವು ಮನೆಯ ಮಗಳ ತಾಟನ್ನು ನೋಡದಿದ್ದರೆ ಅದು ನಮ್ಮ ಒಕ್ಕಲುತನಕ್ಕೇ ಕೊರತೆ.

ನನ್ನ ಚಿಗವ್ವ ಈಗ ಔಷಧ ತಪ್ಪಿಸುವುದಿಲ್ಲ. ಅವಳ ಮಗಳಿಗೆ ಈಗ ಆರು ತಿಂಗಳು ತುಂಬಿದೆ. ಎರಡನೆಯ ಸಲದ ಗ್ಲುಕೋಸು ಪರೀಕ್ಷೆಗೆ ಮಗಳನ್ನು ಕೈಹಿಡಿದು ಕರೆದುಕೊಂಡು ಹೋದವಳು ಅವಳೇ. ನಿಮ್ಮ ಊರಿನಲ್ಲಿಯೂ ಒಂದು ದಾರ, ಒಂದು ಕತ್ತರಿ ಸಾಕು. ನಾಳೆಯೇ ಶುರು ಮಾಡಿರಿ.